ಅಮೆಯ ರಜೆ

ಯಡ್ತರೆಯ ದಾಮೋದರ ಅಡಿಗರಿಗೆ ಐವತ್ತೆಂಟು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಬೆಳಗಿನ ನಾಲ್ಕಕ್ಕೆ ಎದ್ದು, ಬಾವಿಯ ತಣ್ಣೀರು ತಲೆಗೆ ಸುರಿದುಕೊಂಡು, ದೇವಸ್ಥಾನದ ಬಾಗಿಲು ತೆಗೆದವರು. ಶಾಲೆಯ ಮೇಷ್ಟ್ರಿಗೆ ಭಾನುವಾರ ಇದೆ, ಕಂಡಕ್ಟರನಿಗೆ ವಾರದ ರಜೆ ಇದೆ. ದೇವರಿಗೆ ರಜೆಯಿಲ್ಲ, ಹಾಗಾಗಿ ಅಡಿಗರಿಗೂ ಇಲ್ಲ. ಜ್ವರ ಬಂದರೆ ಮಾತ್ರೆ ನುಂಗಿ ಹೋಗುವುದು. ಬದಲಿಗೆ ಒಬ್ಬರನ್ನು ಕೊಡಿ ಎಂದು ಕೇಳಿದಾಗಲೆಲ್ಲ ಮೊಕ್ತೇಸರರು "ಕಾಂಬ" ಎನ್ನುತ್ತಾರೆ. ನೋಡೋಣ ಎಂಬ ಆ ಮಾತಿಗೂ ಈಗ ತಲೆ ನರೆತಿದೆ.

ರಜೆ ಸಿಗಲೇ ಇಲ್ಲವೆಂದರೆ ಸುಳ್ಳಾದೀತು. ಮನೆತನದಲ್ಲಿ ಸಾವಾದರೆ ಸೂತಕ, ಮಗು ಹುಟ್ಟಿದರೆ ಅಮೆ. ಎರಡರಲ್ಲೂ ಹತ್ತು ದಿನ ದೇವರನ್ನು ಮುಟ್ಟುವಂತಿಲ್ಲ. ಆಗ ಮಾತ್ರ ಮೊಕ್ತೇಸರರು ಗೊಣಗುತ್ತ ಕೋಟದಿಂದ ಬೇರೆ ಭಟ್ಟರನ್ನು ಕರೆಸುತ್ತಾರೆ. ಸೂತಕದಲ್ಲಿ ಸತ್ತವರ ಮನೆಯ ಓಡಾಟದಿಂದಲೇ ಸಾಕುಬೇಕಾಗುತ್ತದೆ. ಅಮೆ ಹಾಗಲ್ಲ. ಬಾಣಂತನ ಹುಡುಗಿಯ ತವರಿನಲ್ಲಿ. ದಾಯಾದಿಗಳಿಗೆ ಅಪ್ಪಟ ಬಿಡುವು.

ಅದಕ್ಕೇ ಕಿರಿಮಂಜೇಶ್ವರದ ದೊಡ್ಡಪ್ಪ ಶ್ರೀರಾಮ ಅಡಿಗರ ಮೊಮ್ಮಗ ಗೌರೀಶನ ಹೆಂಡತಿ ಬಸುರಿಯೆಂದು ತಿಳಿದಾಗ ಗೌರೀಶನಿಗಿಂತ ಹೆಚ್ಚು ಹಿಗ್ಗಿದವರು ದಾಮೋದರ ಅಡಿಗರು.

"ಆ ಹುಡ್ಗಿಗಿಂತ ನೀವೇ ದಿನ ಲೆಕ್ಕ ಹಾಕ್ತ್ರಿಯಲೆ!" ಎಂದು ಹೆಂಡತಿ ತುಂಗಮ್ಮ ನಕ್ಕರು.

ಲೆಕ್ಕಕ್ಕೆ ಕಾರಣ ಬಾಲ್ಯದ ಗೆಳೆಯ ಕುಷ್ಟ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು "ಏ ದಾಮು" ಎನ್ನುತ್ತಿದ್ದವನು ಈಗ ಬಹುವಚನಕ್ಕೆ ಏರಿದ್ದಾನೆ. ಹೊಳೆಯಲ್ಲಿ ಪ್ರವಾಸಿಗರಿಗೆ ಕಯಾಕ್ ಎಂಬ ಸಪೂರ ದೋಣಿಗಳನ್ನು ಬಾಡಿಗೆಗೆ ಕೊಡುವುದು ಅವನ ಕಸುಬು. ಘಾಟಿ ಹತ್ತಿದರೆ ಗುಡ್ಡಗಳ ನಡುವೆ ಒಂದು ಕೆರೆ ಇದೆ, ಅಲ್ಲಿ ಕಯಾಕಿನಲ್ಲಿ ಕೂತೇ ಗಾಳ ಹಾಕಿ ದಡದಲ್ಲಿ ಡೇರೆ ಹೊಡೆದು ಮೂರು ದಿನ ಇರಬೇಕೆಂಬುದು ಅವನ ಆಸೆ.

"ಹ್ವಾಯ್ ಅಡಿಗ್ರೇ, ನಾನ್ ಮೀನ್ ಹಿಡಿತೆ. ನೀವ್ ಎಂತ ಮಾಡ್ತ್ರಿ?"

"ನಾನ್ ಮನಿಕಂತೆ," ಎಂದರು ಅಡಿಗರು. ಮಲಗುವುದು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಚೌತಿ ಕಳೆದದ್ದೇ ಯೋಜನೆ ಶುರುವಾಯಿತು. ಪಂಚಾಂಗದ ಕೊನೆಯ ಖಾಲಿ ಪುಟದಲ್ಲಿ ಅಡಿಗರು ಎಲ್ಲ ಬರೆದರು. ಒಲೆ ಎರಡು, ಒಂದಕ್ಕೊಂದು ತಾಗಬಾರದು. ಮೀನಿನ ಬಾಣಲೆ ಕುಷ್ಟನ ಕಯಾಕಿನಲ್ಲಿ, ಅವಲಕ್ಕಿ ಮತ್ತು ಮಿಡಿ ಉಪ್ಪಿನಕಾಯಿ ತಮ್ಮದರಲ್ಲಿ. ಹೊಟ್ಟೆಗೆ ಸರಿಹೋಗುವ ಲೈಫ್ ಜಾಕೆಟ್ ಕುಷ್ಟ ಹುಡುಕಬೇಕು, ಅರಣ್ಯ ಇಲಾಖೆಯ ಅನುಮತಿಯೂ ಅವನದೇ. ಒಂದೇ ಒಂದು ವಿಷಯಕ್ಕೆ ಚರ್ಚೆಯಾಯಿತು. ಅಡಿಗರು ಬರುತ್ತಾರೆ, ಡೇರೆಯ ಬಾಗಿಲು ಪೂರ್ವಕ್ಕಿರಲಿ ಎಂದ ಕುಷ್ಟ.

"ಬ್ಯಾಡ ಮರಾಯ. ಪಶ್ಚಿಮಕ್ ಇಡ್. ಸೂರ್ಯ ಹುಟ್ಟುದ್ ನಂಗ್ ಕಾಂಬುದೇ ಬ್ಯಾಡ."

ಜನವರಿಯ ಮೂರನೇ ವಾರವೆಂದು ಡಾಕ್ಟರು ಹೇಳಿದ್ದರು. ಎರಡನೇ ವಾರದ ಒಂದು ಬೆಳಿಗ್ಗೆ ಅಡಿಗರು ಗಂಧ ತೇಯುತ್ತಿದ್ದಾಗ ಫೋನ್ ಬಂತು. ಗೌರೀಶ.

"ಅಜ್ಜಯ್ಯ ಹೋದ್ರ್," ಎಂದ.

ಗಂಧದ ಕೊರಡು ಅಲ್ಲೇ ಬಿಟ್ಟು ಅಡಿಗರು ಹೊರಗೆ ಬಂದರು. ತಮಗೆ ಮಂತ್ರ ಹೇಳಿಕೊಟ್ಟ ದೊಡ್ಡಪ್ಪ. ಆದರೆ ಮೆಟ್ಟಿಲಿಳಿಯುವಾಗ ಮೊದಲು ಬಂದ ಯೋಚನೆ, ಹತ್ತು ದಿನ ಏಳಬೇಕಾಗಿಲ್ಲ ಎಂಬುದು. ಅಳು ಆಮೇಲೆ ಬಂತು. ಆ ಹಿಂದುಮುಂದಿಗೆ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಆ ಹತ್ತು ದಿನ ಏಳದೆ ಇರಲೂ ಆಗಲಿಲ್ಲ. ನಸುಕಿಗೇ ಕಿರಿಮಂಜೇಶ್ವರಕ್ಕೆ ಬಸ್ಸು ಹಿಡಿಯಬೇಕು, ಕರ್ಮಕ್ಕೆ ದರ್ಭೆ ಎಳ್ಳು ಹೊಂದಿಸಬೇಕು, ಬಂದವರಿಗೆ ಉತ್ತರ ಹೇಳಬೇಕು. ಎಂಟನೆಯ ದಿನ ಆಸ್ಪತ್ರೆಯಿಂದ ಸುದ್ದಿ ಬಂತು: ಹೆಣ್ಣು ಮಗು.

ಒಂಬತ್ತನೆಯ ದಿನ ಮಧ್ಯಾಹ್ನ ಅಡಿಗರು ಮನೆ ಸೇರುವಾಗ ಅಂಗಳದಲ್ಲಿ ಕುಷ್ಟನ ಓಮ್ನಿ ನಿಂತಿತ್ತು, ಮೇಲೆ ಎರಡು ಕಯಾಕ್ ಕಟ್ಟಿ. ಸೂತಕ ಮುಗಿದರೂ ಅಮೆ ಇದೆಯಲ್ಲ ಎಂಬುದು ಅವನ ಗಣಿತ. ಮೊಕ್ತೇಸರರದ್ದೂ ಅದೇ ಗಣಿತ ಎಂದು ಅವರ ಫೋನ್ ಬಂದಾಗ ತಿಳಿಯಿತು.

"ಮಗು ಹುಟ್ಟಿತಂಬ್ರ್ ಅಲ್ದಾ ಅಡಿಗ್ರೇ? ಕೋಟದವ್ರಿಗ್ ಇನ್ನೊಂದ್ ವಾರ ಇರಿ ಅಂತ ಹೇಳ್ಲಾ?"

ಹೌದು ಎಂದರೆ ಮುಗಿಯಿತು, ಯಾರೂ ಶಾಸ್ತ್ರ ತೆರೆದು ನೋಡುತ್ತಿರಲಿಲ್ಲ. ಕುಷ್ಟ ಎದುರಿಗೆ ಕೂತು ಕತ್ತು ಆಡಿಸಿ ಆಡಿಸಿ ಹೂಂ ಎನ್ನಿ ಎಂದು ಸೂಚಿಸುತ್ತಿದ್ದ. ಆದರೆ ಸೂತಕದ ನಡುವೆ ಅಮೆ ಬಂದರೆ ದಾಯಾದಿಗಳಿಗೆ ಅದು ಸೂತಕದ ಜೊತೆಗೇ ಕಳೆಯುತ್ತದೆ ಎಂದು ಅಡಿಗರಿಗೆ ಕಲಿಸಿದವರು ಆ ದೊಡ್ಡಪ್ಪನೇ.

"ಬ್ಯಾಡ. ಎರಡೂ ಒಟ್ಟಿಗೇ ಕಳೀತ್. ನಾಡಿದ್ದ್ ಬೆಳಿಗ್ಗೆ ನಾನೇ ಬತ್ತೆ," ಎಂದು ಫೋನ್ ಇಟ್ಟರು.

"ಒಂದ್ ಸುಳ್ಳ್ ಹೇಳುಕ್ ಆತಿಲ್ಯಾ ಮರ್ರೆ?" ಕುಷ್ಟ ಕೇಳಿದ.

"ಹೇಳ್ವ ಅಂದೇ ಬಾಯಿ ತೆಗ್ದೆ. ಬರ್ಲಿಲ್ಲ."

ಅಡಿಗರು ಹೆಂಡತಿಯ ಕಡೆ ತಿರುಗಿದರು. "ನಮ್ಮಲ್ಲಿ ಇನ್ ಯಾರಾರೂ ಬಸ್ರಿ ಇದ್ರಾ?"

ತುಂಗಮ್ಮ ಬೆರಳು ಮಡಿಸಿದರು. "ಎಲ್ಲಿ? ಉಳ್ದ ಮಕ್ಕಳಿಗ್ ಮದ್ವಿಯೇ ಆಯ್ಲಿಲ್ಲ. ಇನ್ ಸೂತಕ ಅಂದ್ರೆ, ದೊಡ್ಡಪ್ಪಯ್ಯ ಹೋದ್ಮೇಲೆ ಹಿರಿಯರ್ ಅಂದ್ರೆ ನೀವೇ..." ಎಂದು ಅಲ್ಲಿಗೇ ನಾಲಗೆ ಕಚ್ಚಿಕೊಂಡರು.

ಕುಷ್ಟ ಎದ್ದು ಹೋಗಿ ಕಯಾಕಿನ ಹಗ್ಗಕ್ಕೆ ಕೈ ಹಾಕಿದ.

"ಬಿಚ್ಚಬ್ಯಾಡ," ಎಂದರು ಅಡಿಗರು. "ನೀನ್ ಹೋಯ್ ಬಾ. ಡೇರೆ ಬಾಗ್ಲ್ ಮಾತ್ರ ಪಶ್ಚಿಮಕ್ಕೇ ಇಡ್."

ಆಮೇಲೆ ನಾಡಿದ್ದಿನ ಮಡಿಗೆ ಪಂಚೆ ಒಗೆಯಲು ಬಾವಿಯ ಕಡೆ ಹೋದರು.