ಬ್ಯಾಂಡಿನ ಹೆಜ್ಜೆಗೆ ಸಿಗದ ಸನಾದಿ

ಮಸ್ಕಿಯಲ್ಲಿ ನಮ್ಮ ಓಣಿಯ ಸನಾದಿ ಊದುವ ಕಾಕಾ ಕಣ್ಣು ಮುಚ್ಚದೆ ಒಂದು ಸ್ವರವನ್ನೂ ಊದಿದವರಲ್ಲ. ಯಾರಾದರೂ ಗಡಿಬಿಡಿ ಮಾಡಿದರೆ ಬಲಗೈ ಎತ್ತಿ, ‘ತಡೀರಿ, ಈಗಷ್ಟ ಬಾಯಿಗಿಟ್ಟೀನಿ’ ಎನ್ನುತ್ತಿದ್ದರು. ತೊಂಬತ್ತರ ದಶಕದ ಹೊತ್ತಿಗೆ ಮದುವೆಯವರೆಲ್ಲ ಬ್ಯಾಂಡಿನ ಹಿಂದೆ ಬಿದ್ದು, ಇವರನ್ನು ಕರೆಯುವವರು ಕಡಿಮೆಯಾದರು. ಆಗಲೇ ಸಿಂಧನೂರಿನ ಬ್ಯಾಂಡ್ ಮಾಸ್ತರು ತಮ್ಮ ಮೇಳಕ್ಕೆ ಬನ್ನಿ ಎಂದದ್ದು.

ನಾನು ವಾದಕ್ಕಿಳಿದೆ. ‘ಹೋಗಬ್ಯಾಡ್ರಿ ಕಾಕಾ. ಅವರು ಕುಣ್ಯಾಕ ಬಾರಸ್ತಾರ, ನೀವು ಕುಂತು ಕೇಳಾಕ ಊದತೀರಿ.’

‘ಮನ್ಯಾಗ ಒಲಿ ಹತ್ತಬೇಕಲ್ಲಪಾ, ಅದಕ್ಕೇನಂತೈತಿ ನಿನ್ನ ವಾದ?’

ಮೊದಲು ಗೊರೇಬಾಳದ ಒಂದು ಮದುವೆಯಲ್ಲಿ ಊದಿ ನೋಡಿ ನಿರ್ಧರಿಸುವುದೆಂದಾಯಿತು.

ಮೆರವಣಿಗೆಯ ನಡುವೆ ಕಾಕಾನಿಗೆ ರಾಗ ಹತ್ತಿತು. ಕಣ್ಣು ಮುಚ್ಚಿ ನಿಂತುಬಿಟ್ಟರು. ಹಿಂದಿದ್ದ ಕುದುರೆಯೂ ನಿಂತಿತು, ಅದರ ಮೇಲಿದ್ದ ಮದುಮಗನೂ ನಿಂತ ಹಾಗಾಯಿತು. ಡೋಲು ಬಡಿಯುತ್ತ ಬ್ಯಾಂಡು ಮಾತ್ರ ಹೆಣ್ಣಿನ ಮನೆ ಮುಟ್ಟಿತು. ಆರತಿ ಹಿಡಿದು ನಿಂತಿದ್ದ ಹೆಣ್ಣಿನ ತಾಯಿ ‘ಮದಿಮಗ ಎಲ್ಲಿ ಅದಾನ್ರಿ?’ ಎಂದಾಗಲೇ ಮಾಸ್ತರು ಹಿಂದೆ ತಿರುಗಿ ನೋಡಿದ್ದು.

ಕೊನೆಗೂ ಕುದುರೆಯೊಂದಿಗೆ ಕಾಕಾ ಬಂದು ಮುಟ್ಟಿದಾಗ ಮಾಸ್ತರು ಸಿಡಿದರು: ‘ನಮ್ಮ ಸಂಗಟ ನಡೀತೀರೋ ಇಲ್ಲೋ? ಈಗ ಫೈಸಲಾ ಆಗ್ಲಿ.’

‘ಮ್ಯಾಳಕ್ಕ ಬರತೀನ್ರಿ. ಆದ್ರ ಮದಿಮಗನ್ನ ಕರಕೊಂಡ್ ಬರಾಕ ನೀವ ಬಾರಸ್ರಿ. ಹೆಣ್ಣು ಒಪ್ಪಿಸಿ ಕಳಸೋ ಹೊತ್ತಿಗೆ ನಾ ಊದತೀನಿ.’

‘ಆಗ ಇಷ್ಟು ತಡಾ ಮಾಡಿದ್ರ ಯಾರು ಸುಮ್ಮನಿರ್ತಾರ?’

ಮಾಸ್ತರು ಕೇಳಿದ್ದು ಕಾಕಾನನ್ನು. ಉತ್ತರ ಕೊಟ್ಟದ್ದು ಆ ತಾಯಿ.

‘ಊದ್ಲಿ ಬಿಡ್ರಿ. ಮಗಳನ್ನ ಕಳಸಾಕ ನನಗೇನ್ ಅವಸರ ಐತಿ?’