ಕಾರಿನ ಸ್ಪ್ರಿಂಗಿಗೆ ಕೀಲೆಣ್ಣೆ

ನಾನು ಅಜ್ಜಿಯಾದೆ! ಮಗಳು, ಮೊಮ್ಮಗಳು ಇಬ್ಬರೂ ಇವತ್ತು ಕೋಲಾರದ ಆಸ್ಪತ್ರೆಯಿಂದ ವಕ್ಕಲೇರಿಯ ನಮ್ಮ ಮನೆಗೆ ಬಂದರು. ಅದೂ ನನ್ನ ಮಗನ ಕಾರಿನಲ್ಲಿ. ಕೂಸು ದಾರಿಯುದ್ದಕ್ಕೂ ಕಣ್ಣೇ ಬಿಡಲಿಲ್ಲ. ಇದನ್ನು ಒಳಗೇ ಇಟ್ಟುಕೊಂಡು ಸುಮ್ಮನೆ ಕೂರಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರಿನಲ್ಲಿ ಬರುವುದೇನು ದೊಡ್ಡ ವಿಷಯ ಎನ್ನಬೇಡಿ. ಆ ಕಾರು ಎಂಥದ್ದು ಎಂದು ಮೊದಲು ಹೇಳಬೇಕು. ನನ್ನ ಮಗ ಮಾಲೂರಿನ ಹತ್ತಿರ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಮುಳಬಾಗಿಲಿನಿಂದ ಹಳೆಯ ಕಾರೊಂದನ್ನು ತಂದು, ಅದರ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎಲ್ಲ ತೆಗೆಸಿ, ಎತ್ತರ ತಗ್ಗು ಮಾಡಬಹುದಾದ ಹೊಸ ಸೆಟ್ಟು ಹಾಕಿಸಿದ. ಚಕ್ರದ ಪಕ್ಕದಲ್ಲಿ ಒಂದು ಕೊಳವೆ. ಅದರ ಮೈಮೇಲೆ ಬೋಲ್ಟಿಗೆ ಇರುವಂಥ ಥ್ರೆಡ್ಡು. ಥ್ರೆಡ್ಡಿನ ಮೇಲೆ ಬಳೆಯಂಥ ಒಂದು ರಿಂಗು, ಆ ರಿಂಗಿನ ಮೇಲೆ ಸ್ಪ್ರಿಂಗು ಕೂತಿರುತ್ತದೆ. ರಿಂಗನ್ನು ಒಂದು ಕಡೆಗೆ ತಿರುಗಿಸಿದರೆ ಕಾರು ಏಳುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಇಳಿಯುತ್ತದೆ. ಇವನು ಇಳಿಸಿದ. ಎಷ್ಟು ಇಳಿಸಿದನೆಂದರೆ ನಮ್ಮ ಕೋಳಿಗಳು ಅದರ ಕೆಳಗೆ ನುಸುಳಲು ತಲೆ ಬಗ್ಗಿಸಬೇಕಿತ್ತು.

ಸೀಮಂತ ಮುಗಿಸಿ ಮಗಳನ್ನು ಕರೆತರುವಾಗ ನಮ್ಮ ಬೀದಿಯ ತಿರುವಿನ ಉಬ್ಬಿಗೆ ಆ ಕಾರಿನ ಹೊಟ್ಟೆ ಬಡಿಯಿತು. ಒಳಗಿದ್ದವರಿಗೆಲ್ಲ ಬೆನ್ನುಮೂಳೆ ಝುಮ್ಮೆಂದಿತು. ಮಗಳು ಅಲ್ಲೇ ಇಳಿದು ಮನೆಗೆ ನಡೆದೇ ಬಂದಳು.

“ಲೇ, ಇನ್ನೊಂದ್ಸಲ ಇದರಲ್ಲಿ ಕೂತ್ರೆ ದಾರೀಲೇ ಹೆರಿಗೆ ಆಗ್ಬಿಡ್ತದೆ. ನನ್ನ ಮಗೂನ ಆಟೋದಲ್ಲಿ ಕರ್ಕೊಂಡ್ ಬರ್ತೀನಿ ಕಣೋ, ನಿನ್ ಕಾರು ಬೇಡವೇ ಬೇಡ.”

ತಮ್ಮನ ಮುಖ ಸಪ್ಪಗಾಯಿತು. ನಮ್ಮ ಮನೆತನದಲ್ಲಿ ಕೂಸನ್ನು ಮೊದಲ ಸಲ ಹೊಸಲು ದಾಟಿಸುವುದು ಸೋದರಮಾವ. ನನ್ನ ಮಕ್ಕಳನ್ನು ನನ್ನ ಅಣ್ಣನೇ ಕರೆತಂದಿದ್ದ. ಇವನೂ ಅದಕ್ಕೇ ಆಸೆಯಿಂದ ಕಾದಿದ್ದ.

ಹೆರಿಗೆ ಆಪರೇಷನ್ ಮಾಡಿಯೇ ಆಯಿತು. ಹೊಲಿಗೆ ಬಿದ್ದ ಹೊಟ್ಟೆಗೆ ಕುಲುಕಾಟ ಆಗದು. ಮಗ ಆಸ್ಪತ್ರೆಯಲ್ಲಿ ಅಕ್ಕನ ಮಂಚದ ಪಕ್ಕ ನಿಂತು, “ಅಕ್ಕಾ, ಕಾರು ಎತ್ತರ ಮಾಡ್ತೀನಿ. ಸ್ಪ್ರಿಂಗಿಗೆ ಆಡೋಕೆ ಜಾಗ ಸಿಗ್ತದೆ, ಉಬ್ಬು ಗೊತ್ತೇ ಆಗಲ್ಲ” ಎಂದ.

“ಎತ್ತರ ಆದ್ರೆ ಬರ್ತೀನಿ. ಆಗ್ಲಿಲ್ಲ ಅಂದ್ರೆ ಆಟೋನೇ” ಎಂದಳು.

ನಿನ್ನೆ ಬೆಳಿಗ್ಗೆ ಜಾಕಿ ಕೊಟ್ಟು ಚಕ್ರ ಬಿಚ್ಚಿದ. ಕೊಕ್ಕೆಯ ಸ್ಪ್ಯಾನರ್ ಹಾಕಿ ಎಳೆದರೆ ರಿಂಗು ಅಲ್ಲಾಡಲಿಲ್ಲ. ಥ್ರೆಡ್ಡೇ ಕಾಣುತ್ತಿರಲಿಲ್ಲ. ಕಪ್ಪಗೆ, ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು.

“ಅಮ್ಮಾ, ಇದೇನಿದು? ಯಾರ್ ಬಳಿದಿದ್ದು?”

ನನ್ನ ಯಜಮಾನರು ಹಸುವಿನ ಕಡೆ ನೋಡತೊಡಗಿದರು. ಆಮೇಲೆ, “ನಾನೇ ಕಣೋ” ಎಂದರು. “ಮಳೆಗೆ ತುಕ್ಕು ಹಿಡೀತದೆ ಅಂತ ನೀನೇ ಕೊರಗ್ತಿದ್ದೆ. ನೀನ್ ಡ್ಯೂಟಿಗೆ ಹೋದಾಗ ಕೀಲೆಣ್ಣೆ ಹಾಕ್ದೆ.”

ಕೀಲೆಣ್ಣೆ ಎಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಎತ್ತಿನ ಗಾಡಿಯ ಅಚ್ಚಿಗೆ ಹಾಕುವುದು. ಇವರು ಹುಡುಗರಾಗಿದ್ದಾಗ ಶ್ರೀನಿವಾಸಪುರದ ಮಂಡಿಗೆ ಮಾವು ತುಂಬಿ ಗಾಡಿ ಹೊಡೆದವರು.

“ನಮ್ ಗಾಡಿ ಒಂದಿನಾನಾದ್ರೂ ಕಿರ್ ಅಂದಿತ್ತಾ?” ಎಂದು ಜೋರು ಬೇರೆ ಮಾಡಿದರು.

“ಅಪ್ಪಾ, ಗಾಡಿ ಅಚ್ಚು ಚಕ್ರದ ಒಳಗಿರ್ತದೆ. ಇದು ಬಯಲಲ್ಲಿ ನಿಂತಿರ್ತದೆ. ಎಣ್ಣೆ ಜಿಡ್ಡಿದ್ರೆ ರಸ್ತೆ ಧೂಳೆಲ್ಲ ಬಂದು ಇಲ್ಲೇ ಮನೆ ಮಾಡ್ತದೆ.”

ಧೂಳು ಒಂದೇ ಅಲ್ಲ, ನಮ್ಮ ಬೀದಿಯ ಕೆಸರು, ಸಗಣಿ ಎಲ್ಲ ಸೇರಿತ್ತು. ನಾನು ನಗು ತಡೆಯಲಾರದೆ, “ರೀ, ಕಾರಿಗೆ ಉಪ್ಪಿನಕಾಯಿ ಹಾಕಿಟ್ಟಿದ್ದೀರಲ್ರೀ!” ಎಂದೆ. ಮಗ ನಗಲಿಲ್ಲ. ಫೋನು ತೆಗೆದು ಆಟೋದವನ ನಂಬರು ಹುಡುಕತೊಡಗಿದ. ಅವನ ಕಣ್ಣು ನೋಡಿ ನನ್ನ ನಗುವೂ ನಿಂತಿತು.

“ಮಡಗೋ ಫೋನು. ತೊಳೆದು ನೋಡೋಣ” ಎಂದೆ.

ಬಿಸಿನೀರಿಗೆ ಪಾತ್ರೆ ಸೋಪು ಕಲಸಿದೆ. ನಾನು ಪಾತ್ರೆ ಉಜ್ಜುವ ಸ್ಟೀಲಿನ ಜುಂಗು ತಂದರೆ ಮಗ, ಅದರಿಂದ ಉಜ್ಜಿದರೆ ಮೇಲಿನ ಲೇಪ ಕಿತ್ತುಹೋಗಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ, ಮೆತ್ತನೆಯ ಬ್ರಷ್ಷೇ ಬೇಕು ಎಂದ. ಹಾಲಿನ ಕ್ಯಾನು ತೊಳೆಯುವ ಬ್ರಷ್ಷು ತಂದೆ.

“ಅಯ್ಯೋ, ಅದು ಹಾಲಿನ ಬ್ರಷ್ಷು ಕಣೇ!” ಎಂದರು ಯಜಮಾನರು.

“ಹಾಲಿಗೆ ಇನ್ನೊಂದು ತಂದ್ಕೊಡಿ. ಈ ಅವಾಂತರ ಮಾಡಿದ್ದು ಯಾರು?”

ತಿಕ್ಕಿ ತಿಕ್ಕಿ, ನೀರು ಹೊಯ್ದು, ಥ್ರೆಡ್ಡು ಒಂದೊಂದೇ ಗೆರೆಯಾಗಿ ಹೊರಗೆ ಬಂತು. ಕೆಸರಿನ ಅಡಿಯಲ್ಲಿ ಅಲ್ಲಲ್ಲಿ ತುಕ್ಕು ಕೂತಿತ್ತು. ಮಗ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಅದು ಒಳಗೆ ಇಳಿಯಲಿ ಎಂದು ಬಿಟ್ಟ. ಆಮೇಲೆ ಅಪ್ಪ ಮಗ ಇಬ್ಬರೂ ಸ್ಪ್ಯಾನರಿಗೆ ಕೈ ಕೊಟ್ಟರು. “ಹೈಸಾ!” ಎಂದರು ಇವರು, ಕೆಸರಲ್ಲಿ ಸಿಕ್ಕಿಬಿದ್ದ ಗಾಡಿ ಎತ್ತುವವರ ಹಾಗೆ. ಟಕ್ ಎಂದಿತು. ರಿಂಗು ತಿರುಗಿತು! ನಾನು ಸೋಪಿನ ಕೈಯಲ್ಲೇ ಮಗನ ಕೆನ್ನೆ ಹಿಂಡಿದೆ.

ಉಳಿದ ಚಕ್ರಗಳೂ ಅದೇ ರೀತಿ ಆದವು. ಕಾರು ಎದ್ದು ನಿಂತಿತು. ಸ್ಪ್ರೇಯ ಜಿಡ್ಡನ್ನೆಲ್ಲ ಬಟ್ಟೆಯಿಂದ ಒರೆಸಿ, ಧೂಳು ಹಿಡಿಯದ ಒಣ ಸ್ಪ್ರೇ ಹೊಡೆದ. ನಾನು ಹಳೆಯ ರೈನ್‌ಕೋಟು ಕತ್ತರಿಸಿ, ಅವನು ಹೇಳಿದ ಅಳತೆಗೆ, ಥ್ರೆಡ್ಡು ಮುಚ್ಚುವ ತೋಳಿನಂಥ ಕವರು ಹೊಲಿದೆ. ಒಳಗೆ ಹೋದ ನೀರು ನಿಲ್ಲಬಾರದೆಂದು ಕೆಳಗಡೆ ಸಂದು ಬಿಡಿಸಿದ. ಚಕ್ರಕ್ಕೆ ತಾಗುತ್ತದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದ.

“ಆಗಾಗ ತೊಳ್ದು, ರಿಂಗು ಸ್ವಲ್ಪ ಆಡಿಸ್ತಿರ್ಬೇಕು. ಸುಮ್ನೆ ಬಿಟ್ರೆ ಹಿಡ್ಕೊಂಡ್ಬಿಡ್ತದೆ. ಅಪ್ಪಾ, ಕೇಳಿಸ್ತಾ?”

“ಕೇಳಿಸ್ತು ಕಣೋ, ಎಣ್ಣೆ ಮುಟ್ಟಲ್ಲ.”

ಇವತ್ತು ಆಸ್ಪತ್ರೆಯ ಬಾಗಿಲಲ್ಲಿ ಮಗಳು ನನ್ನ ಮುಖ ನೋಡುವ ಮೊದಲು ಕತ್ತು ಬಗ್ಗಿಸಿ ಕಾರಿನ ಅಡಿ ನೋಡಿದಳು. ಹತ್ತಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ಕೂಸು ನನ್ನ ಮಡಿಲಲ್ಲಿ. ವಕ್ಕಲೇರಿ ಬಂತು, ನಮ್ಮ ಬೀದಿ ಬಂತು. ಉಬ್ಬು ಹತ್ತಿರವಾದಾಗ ಮಗಳು ಕಣ್ಣು ಮುಚ್ಚಿ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಳು. ಮಗ ಗೇರು ಇಳಿಸಿದ. ಮುಂದಿನ ಚಕ್ರ ಮೆಲ್ಲಗೆ ಏರಿತು, ಇಳಿಯಿತು. ಹಿಂದಿನದೂ ಏರಿತು, ಇಳಿಯಿತು.

“ಯಾವಾಗ್ ಬರ್ತದೋ ಉಬ್ಬು?” ಎಂದಳು.

“ಹಿಂದೆ ಹೋಯ್ತು, ಅಕ್ಕಾ.”

ಮಗಳು ಕೈ ಚಾಚಿ ತಮ್ಮನ ತಲೆಗೆ ಒಂದು ಮೊಟಕಿದಳು. ಅವನು ಮನೆಯ ಬಾಗಿಲಲ್ಲಿ ಇಳಿದು ಕೂಸನ್ನು ಎತ್ತಿಕೊಂಡ. ಆರತಿ ಎತ್ತಿದೆವು. ಖುಷಿ ಹೆಚ್ಚಾದರೆ ಯಜಮಾನರ ಬಾಯಲ್ಲಿ ತೆಲುಗೇ ಬರುವುದು. “ರಾ ತಲ್ಲಿ, ರಾ” ಎಂದು ಮೊಮ್ಮಗಳನ್ನು ಒಳಗೆ ಕರೆದು ಕಣ್ಣೊರೆಸಿಕೊಂಡರು. ಸೋದರಮಾವ ಬಲಗಾಲಿಟ್ಟು ಹೊಸಲು ದಾಟಿದ.

ಸಂಜೆಗೆ ಅಳಿಯಂದಿರೂ ಶ್ರೀನಿವಾಸಪುರದಿಂದ ತಮ್ಮ ಅಪ್ಪ ಅಮ್ಮನನ್ನು ಕರೆದುಕೊಂಡು ಬಂದರು. ಎಲ್ಲರೂ ನಡುಮನೆಯಲ್ಲಿ ಒಟ್ಟಿಗೆ ಕೂತೆವು. ನಮಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಬಾಣಂತಿಗೆ ಮೆಣಸು ಬೆಳ್ಳುಳ್ಳಿ ಸಾರು, ಬಿಸಿ ಅನ್ನ, ತುಪ್ಪ. ಕೂಸು ಸೋದರಮಾವನ ತೊಡೆಯ ಮೇಲೆ ಮಲಗಿತ್ತು, ಅವನು ಅಲ್ಲಾಡದೆ ಒಂದೇ ಕೈಯಲ್ಲಿ ಮುದ್ದೆ ಮುರಿಯುತ್ತಿದ್ದ.

“ಲೇ,” ಎಂದಳು ಮಗಳು, “ಬಾಣಂತನ ಮುಗಿದ್ಮೇಲೆ ನನ್ನ ಗಂಡನ ಮನೆಗೂ ನೀನೇ ಬಿಡ್ಬೇಕು. ಬಸ್ಸಿಗೆ ಹತ್ತಿಸಿದ್ರೆ ನೋಡು.”

ಅವನ ಬಾಯಿ ತುಂಬ ಮುದ್ದೆಯಿತ್ತು. ಜೋರಾಗಿ ತಲೆಯಾಡಿಸಿದ. ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ.