ಅನ್ಯಗ್ರಹದವರ ಕನ್ನಡ

ಜರ್ಮನಿಯ ರೆನ್ನಿಂಗೆನ್ನಿನಲ್ಲಿ ನಮ್ಮ ಕೆಳಮನೆಯಲ್ಲಿದ್ದ ವಯಸ್ಸಾದ ಇಂಗ್ಲಿಷರೊಬ್ಬರು ಒಂದು ಭಾನುವಾರ ಬಾಗಿಲು ತಟ್ಟಿದಾಗ, ರೂಹೆಟ್ಸೈಟ್ ಎಂಬ ಸದ್ದು ಮಾಡಬಾರದ ಹೊತ್ತಿನಲ್ಲಿ ಗಲಾಟೆ ಮಾಡಿದ್ದಕ್ಕೆ ಬೈಯಲು ಬಂದಿದ್ದಾರೆ ಅಂದುಕೊಂಡೆ. ನಾನು ಮೈಸೂರಿನಲ್ಲಿರುವ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದರೆ ಇಡೀ ಕಟ್ಟಡಕ್ಕೆ ಕೇಳುತ್ತದೆ. ಆದರೆ ಅವರು ಕೇಳಿದ್ದೇ ಬೇರೆ. ಇದು ಯಾವ ಭಾಷೆ, ತಮ್ಮ ಹೊಸ ಸಿನಿಮಾದ ಅನ್ಯಗ್ರಹದವರಿಂದ ಇದನ್ನು ಆಡಿಸಬಹುದೇ ಎಂದರು. ಹೊಸ ಭಾಷೆ ಕಟ್ಟಿಸುವಷ್ಟು ಬಜೆಟ್ ಇರಲಿಲ್ಲವಂತೆ. ಎರಡು ಸಾವಿರ ವರ್ಷ ಹಳೆಯ ಭಾಷೆ ಸ್ವಾಮಿ, ಎಂದೆ. ಹಾಗಾದರೆ ಇನ್ನೂ ಒಳ್ಳೆಯದು ಎಂದರು.

ಎಷ್ಟು ಸಿನಿಮಾ ತೆಗೆದಿದ್ದಾರೆಂಬುದು ಅವರಿಗೇ ಗೊತ್ತಿರಲಿಲ್ಲ. ಇಂಗ್ಲೆಂಡಿನಲ್ಲಿದ್ದಾಗ ಯಾರದೋ ಬಂಗಲೆ ಹಿಡಿದು ಬೆಳಿಗ್ಗೆ ದೆವ್ವದ ಸಿನಿಮಾ, ಮಧ್ಯಾಹ್ನ ಅದೇ ಮೆಟ್ಟಿಲ ಮೇಲೆ ಪತ್ತೇದಾರಿ ಸಿನಿಮಾ ತೆಗೆದವರು. ಬೆಳಿಗ್ಗೆ ಸತ್ತವನು ಊಟ ಮುಗಿಸಿಕೊಂಡು ಬಂದು ಇನ್ಸ್‌ಪೆಕ್ಟರ್ ಆಗುತ್ತಿದ್ದ. ಜರ್ಮನ್ ಹೆಂಡತಿಯ ಊರಿಗೆ ಬಂದು ನೆಲೆಸಿದ ಮೇಲೂ ಚಾಳಿ ಬಿಟ್ಟಿರಲಿಲ್ಲ. ಒಂದು ಸಿನಿಮಾವೂ ಚೆನ್ನಾಗಿಲ್ಲ ಎಂದು, ಇವತ್ತು ಮೋಡ ಕವಿದಿದೆ ಎನ್ನುವ ಹಾಗೆ, ಅವರೇ ಹೇಳುತ್ತಿದ್ದರು. ತತ್ವ ಮಾತ್ರ ಒಂದಿತ್ತು. ಏನೇ ಆದರೂ ಎರಡನೇ ಟೇಕ್ ಇಲ್ಲ.

ನಾನು ಅನ್ಯಗ್ರಹದ ಸೇನಾಪತಿಯಾದೆ. ತಲೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿಕೊಂಡು, ಮನೆಯ ಹಿಂದಿನ ಕಾಡಿನಲ್ಲಿ ನಿಂತು, ಎಸ್‌-ಬಾನ್ ರೈಲು ದಿನಾ ತಡವಾಗುವುದರ ಬಗ್ಗೆ ಶುದ್ಧ ಕನ್ನಡದಲ್ಲಿ ಗುಡುಗಿದೆ. ಭೂಮಿಯ ಸರ್ವನಾಶದ ಘೋಷಣೆ ಬಹಳ ಚೆನ್ನಾಗಿ ಬಂತು ಎಂದರು.

ಆಮೇಲೆ ಸೇನಾಪತಿಗೊಬ್ಬ ಮಗಳು ಬೇಕಾದಳು. ನನ್ನ ಮಗಳನ್ನೇ ಕರೆದುಕೊಂಡು ಹೋದೆ. ಆಗ ನಾನೂ ಹೆಂಡತಿಯೂ ಮೈಸೂರಿಗೆ ವಾಪಸ್ ಹೋಗುವ ಲೆಕ್ಕಾಚಾರದಲ್ಲಿದ್ದೆವು. ಬಾಡಿಗೆ ಮನೆಗೆ ಕ್ಯೂಂಡಿಗುಂಗ್, ಅಂದರೆ ಬಿಡುವ ನೋಟಿಸ್, ಕೊಡುವುದೊಂದೇ ಬಾಕಿ. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್ನಿನಲ್ಲಿ ಉತ್ತರಿಸುವವಳು. ಮೈಸೂರಿಗೆ ಹೋಗೋಣವೇ ಎಂದಾಗ "ಎಗಾಲ್" ಎಂದಿದ್ದಳು. ಏನಾದರೂ ಆಗಲಿ, ನನಗೇನಂತೆ ಎಂದರ್ಥ. ಒಪ್ಪಿದಳು ಎಂದು ನಾವು ಹಿಗ್ಗಿದ್ದೆವು.

ಸೇನಾಪತಿ ಭೂಮಿ ಬಿಟ್ಟು ಹೊರಟಿದ್ದಾನೆ. ಮಗಳು ಅಡ್ಡ ಬಂದು ಏನೋ ಹೇಳಬೇಕು. ಅಪ್ಪನ ಭಾಷೆಯಲ್ಲಿ ಏನು ಬೇಕಾದರೂ ಹೇಳು ಎಂದರು ಡೈರೆಕ್ಟರು. ತೆಳು ಬೆಳ್ಳಿ ಬಣ್ಣದ ಫ್ರಾಕಿನಲ್ಲಿ ನಡುಗುತ್ತಿದ್ದವಳು ನನ್ನ ಕೈ ಹಿಡಿದು ಜಗ್ಗಿದಳು.

"ಅಪ್ಪಾ, ಚಳಿ ಆಗ್ತಿದೆ. ಮನೆಗೆ ಹೋಗೋಣ ಬಾ."

ಅವಳ ಬಾಯಿಂದ ಕನ್ನಡ ಕೇಳಿ ಎಷ್ಟು ಕಾಲವಾಗಿತ್ತೋ. ಖುಷಿಗೆ ನನ್ನ ಡೈಲಾಗೇ ಮರೆತುಹೋಯಿತು. ಇನ್ನೊಂದು ಟೇಕ್ ತೆಗೆಯಿರಿ ಎಂದು ನಾಚಿಕೆ ಬಿಟ್ಟು ಅಂಗಲಾಚಿದೆ. ಅವರು ಕ್ಯಾಮೆರಾ ಎತ್ತಿಕೊಂಡು ಮುಂದಿನ ಮರಕ್ಕೆ ಹೋದರು.

ಸಬ್‌ಟೈಟಲ್ ಹಾಕುವ ದಿನ ಕೆಳಮನೆಗೆ ಕರೆದು, ಮಗು ಹೇಳಿದ್ದೇನು ಎಂದು ಕೇಳಿದರು. ಹೇಳಿದೆ. ಅದು ಕಥೆಗೆ ಹೊಂದುವುದಿಲ್ಲ, ಮಗು ಭೂಮಿಯಲ್ಲೇ ಉಳಿಯೋಣ ಎಂದು ಬೇಡಬೇಕು ಎನ್ನುತ್ತ 'ಅಪ್ಪಾ, ಇಲ್ಲೇ ಇರೋಣ' ಎಂದು ಹಾಕಿದರು. ತಿದ್ದಲು ಬಾಯಿ ತೆರೆದೆ. ಪರದೆಯ ಮೇಲೆ ಅವಳು ನನ್ನನ್ನು ಮರಗಳಾಚೆ ಕಾಣುವ ನಮ್ಮ ಬಾಡಿಗೆ ಮನೆಯ ಕಡೆಗೆ ಎಳೆಯುತ್ತಿದ್ದಳು.

ಅನುವಾದ ಸರಿಯಾಗಿದೆ ಎಂದು ಹೇಳಿ, ಹೆಂಡತಿಯೊಡನೆ ಮಾತಾಡಲು ಮೇಲಕ್ಕೆ ಹೋದೆ.